ಐರಿಷ್ ಭಾಷೆಯ ‘ಮೊದಲನೆಯ’ ಮತ್ತು ‘ನೂರು’: ಸಂಖ್ಯೇಯವಾಚಕಗಳ ಕುರಿತು ಒಂದು ಪ್ರಶ್ನೆ

ಮಾನ್ಯರೆ,

ಐರಿಷ್ ಭಾಷೆಯಲ್ಲಿ ‘ಅನ್ ಕೇದ್ ಪುಂತ್’ ಎಂದರೆ ಆ ನೂರು ಪೌಂಡು. ‘ಅನ್ ಹ್ಯೇದ್ ಫುಂತ್’ ಎಂದರೆ ಮೊದಲನೆಯ ಪೌಂಡು. ಎರಡರಲ್ಲಿಯೂ ಇರುವುದು ‘ಕೇದ್’ ಎಂಬ ಒಂದೇ ಕಾಗುಣಿತದ ಪದವಾದರೂ ಮೂಲ ಒಂದಲ್ಲ. ನೂರು ಎಂಬರ್ಥದ್ದು ಸಂಸ್ಕೃತದ ‘ಶತ’ಕ್ಕೆ ದಾಯಾದಿ, ‘ಮೊದಲನೆಯ’ ಎಂಬರ್ಥದ್ದು ಬೇರೊಂದು ಧಾತುವಿನದು. ಐರಿಷ್‌ನ ಸೋದರಭಾಷೆಯಾದ ವೆಲ್ಷ್‌ನಲ್ಲಿ ಇವು ‘ಕಾಂತ್’, ‘ಕಂತವ್’ ಎಂದು ಬೇರೆಯಾಗಿಯೇ ಉಳಿದಿವೆ. ಐರಿಷ್‌ನಲ್ಲಿ ಅರ್ಥವನ್ನು ಕಾಯುತ್ತಿರುವುದು ಮೊದಲಕ್ಷರದ ಬದಲಾವಣೆ ಮಾತ್ರ: ‘ಮೊದಲನೆಯ’ ಎಂಬ ಪದ ‘ಅನ್’ ಎಂಬ ನಿರ್ದೇಶಕದ (ಇಂಗ್ಲಿಷಿನ ‘ದ’ ಇದ್ದಂತೆ) ಮುಂದೆ ತಾನೂ ಮೆತ್ತಗಾಗುತ್ತದೆ (‘ಕೇದ್’ ‘ಹ್ಯೇದ್’ ಆಗುವಂತೆ), ತನ್ನ ಮುಂದಿನ ನಾಮಪದವನ್ನೂ ಮೆತ್ತಗಾಗಿಸುತ್ತದೆ (‘ಪುಂತ್’ ‘ಫುಂತ್’ ಆಗುವಂತೆ). ದ, ತ, ಸ ಧ್ವನಿಗಳಿಂದ ಆರಂಭವಾಗುವ ನಾಮಪದಗಳು ಮಾತ್ರ ಇದಕ್ಕೆ ಹೊರತು. ಹಾಗಾಗಿ ‘ಮೊದಲನೆಯ ಮನೆ’ ಎನ್ನುವಾಗ ‘ತ್ಯಾಖ್’ ತ್ಯಾಖ್ ಆಗಿಯೇ ಇರುತ್ತದೆ.

‘ದರ’ (ಎರಡನೆಯ), ‘ತ್ರೀಊ’ (ಮೂರನೆಯ) ಮುಂತಾದವು ವ್ಯಂಜನವನ್ನು ಮುಟ್ಟುವುದಿಲ್ಲ; ಸ್ವರದಿಂದ ಆರಂಭವಾಗುವ ಪದಕ್ಕೆ ಹಕಾರವನ್ನಷ್ಟೇ ಸೇರಿಸುತ್ತವೆ, ‘ಆತ್’ (ಸ್ಥಳ) ಎಂಬುದು ‘ಅನ್ ದರ ಹಾತ್’ ಆಗುವಂತೆ. ವಿಶೇಷವೆಂದರೆ ಬರಿಯ ಸಂಖ್ಯೆಗಳ ನಡೆ ಇದಕ್ಕೆ ತದ್ವಿರುದ್ಧ. ಬೆಕ್ಕು ಎಂಬರ್ಥದ ‘ಕತ್’ ಮೂರರ ಮುಂದೆ ‘ತ್ರೀ ಖತ್’, ಏಳರ ಮುಂದೆ ‘ಶಖ್ತ್ ಗತ್’ ಆಗುತ್ತದೆ. ಆದರೆ ಮೂರನೆಯ ಬೆಕ್ಕಾಗಲಿ ಏಳನೆಯ ಬೆಕ್ಕಾಗಲಿ ‘ಕತ್’ ಆಗಿಯೇ ಉಳಿಯುತ್ತದೆ.

ಕನ್ನಡಿಗರಿಗೆ ಆಪ್ತವೆನಿಸುವ ಇನ್ನೊಂದು ಸಂಗತಿಯಿದೆ. ನಾವು ‘ಮೊದಲನೆಯ ದಿನ’ ಎಂದರೂ ‘ಇಪ್ಪತ್ತಮೊದಲನೆಯ’ ಎನ್ನದೆ ‘ಇಪ್ಪತ್ತೊಂದನೆಯ’ ಎನ್ನುತ್ತೇವಲ್ಲವೆ? ಐರಿಷ್ ಕೂಡ ಅಲ್ಲಿ ‘ಕೇದ್’ ಅನ್ನು ಬಿಟ್ಟು, ಒಂದು ಎಂಬುದರಿಂದಲೇ ಹುಟ್ಟಿದ ‘ಏನೂ’ (‘ಅನ್’ ಜೊತೆ ‘ತೇನೂ’) ಪದವನ್ನು ಬಳಸುತ್ತದೆ: ‘ಅನ್ ತೇನೂ ಲಾ ಇಸ್ ಫಿಹ’. ದಿನ ಎಂಬರ್ಥದ ‘ಲಾ’ ಒಂದು ಮತ್ತು ಇಪ್ಪತ್ತರ ನಡುವೆ ಕುಳಿತಿರುವುದನ್ನು ಗಮನಿಸಬೇಕು. ‘ಒಂದನೆಯ ದಿನ ಮತ್ತು ಇಪ್ಪತ್ತು’ ಎಂಬಂತಿರುವ ಈ ಜೋಡಣೆ ಕನ್ನಡಕ್ಕೆ ಒಗ್ಗುವುದಿಲ್ಲ. ಅಂಕಿಯಲ್ಲಿ ಬರೆಯುವಾಗ ಮಾತ್ರ, ನಾವು 20ರ ಮುಂದೆ ‘ನೆಯ’ ಹಚ್ಚುವಂತೆ ಅವರು ‘ಊ’ ಹಚ್ಚುತ್ತಾರೆ.

ನನ್ನ ಪ್ರಶ್ನೆ ಪರಿಭಾಷೆಯದು. ‘ಕತ್’ ಎಂಬುದು ‘ಗತ್’ ಆಗುವುದನ್ನು ಐರಿಷ್‌ನಲ್ಲಿ ‘ಉರೂ’ ಎನ್ನುತ್ತಾರೆ. ಕ, ತ, ಪಗಳು ಗ, ದ, ಬ ಆಗುವ ಈ ಕ್ರಿಯೆ, ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ವಾಗುವ ನಮ್ಮ ಆದೇಶಸಂಧಿಯ ಹತ್ತಿರಕ್ಕೆ ಬರುತ್ತದೆ, ಆ ಹೆಸರಿನಿಂದಲೇ ವಿವರಿಸಬಹುದು. ಆದರೆ ‘ಪುಂತ್’ ಎಂಬುದು ‘ಫುಂತ್’ ಆಗುವ ‘ಶೇವೂ’ವನ್ನೂ ಆದೇಶಸಂಧಿ ಎಂದರೆ ಎರಡರ ಭೇದವೇ ಅಳಿಸಿಹೋಗುತ್ತದೆ. ಸೌಮ್ಯ ಎಂಬರ್ಥದ ‘ಶೇವ್’ ಅದರ ಬೇರಾದ್ದರಿಂದ ನಾನು ಸದ್ಯಕ್ಕೆ ‘ಮೃದೂಕರಣ’ ಎಂದು ಬರೆದುಕೊಂಡಿದ್ದೇನೆ. ಇದಕ್ಕಿಂತ ಒಪ್ಪುವ ಅಚ್ಚಗನ್ನಡದ ಪದವೊಂದನ್ನು ಬಲ್ಲವರು ಸೂಚಿಸುವಿರಾ?