ಪದಚರ್ಚೆ: ಈಜುಕೊಳದ ಹೀಟರು ಮತ್ತು ‘ಬಾಂಡಿಂಗ್’ ಅನ್ನುವ ಮಾತು

ಎಲ್ಲರಿಗೂ ನಮಸ್ಕಾರ.

ಬಯಲಿನಲ್ಲಿರುವ ಈಜುಕೊಳದ ಹೀಟರಿಗೆ ಕರೆಂಟ್ ಕೊಡುವಾಗ ಏನೇನು ಜಾಗ್ರತೆ ಬೇಕು ಅನ್ನುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬಹುಪಾಲು ಮುಗಿದಿದೆ. ‘ಬಾಂಡಿಂಗ್’ ಅನ್ನುವ ಒಂದು ಪದ ಮಾತ್ರ ಎರಡು ವಾರದಿಂದ ಕಾಡುತ್ತಿದೆ.

ಮೊದಲ ಕರಡಿನಲ್ಲಿ ‘ಜೋಡಣೆ’ ಅಂತ ಬರೆದಿದ್ದೆ. ವೈರಿಂಗ್ ಕೆಲಸ ಮಾಡುವವರೊಬ್ಬರಿಗೆ ಓದಲು ಕೊಟ್ಟೆ. ‘ಏಣಿ ಮತ್ತು ಹೀಟರಿನ ಜೋಡಣೆ ಕಡ್ಡಾಯ’ ಅನ್ನುವ ಸಾಲಿನ ಮೇಲೆ ಬೆರಳಿಟ್ಟು, “ಏಣೀನ ಹೀಟರಿಗೆ ಬೋಲ್ಟ್ ಹಾಕಿ ಕೂರಿಸಬೇಕಾ?” ಅಂತ ಕೇಳಿದರು. ತಪ್ಪು ಅವರದ್ದಲ್ಲ. ಜೋಡಣೆ ಅಂದರೆ ನಮಗೆ ಬಿಡಿಭಾಗ ಸೇರಿಸುವುದೇ. ಆಮೇಲೆ ‘ಅರ್ಥಿಂಗ್’ ಅಂತ ತಿದ್ದಿದೆ. ಈ ಸಲ ಅವರು, “ಹೀಟರಿಗೆ ಅರ್ಥ್ ಕೊಟ್ಟೇ ಇರ್ತೀವಲ್ಲ, ಮುಗೀತು” ಅಂದರು. ನನಗೆ ಹೆದರಿಕೆ ಆಗಿದ್ದು ಆಗ. ಯಾಕೆಂದರೆ ಅಷ್ಟಕ್ಕೇ ಮುಗಿಯುವುದಿಲ್ಲ.

ಹೀಟರಿನೊಳಗೆ ತಂತಿ ಸುಲಿದು ಅದರ ಲೋಹದ ಮೈಗೆ ತಾಗಿತು ಅನ್ನಿ. ಆಗ ಆ ಕರೆಂಟಿಗೆ ಸಲೀಸಾದ ದಾರಿ ಕೊಟ್ಟು, ಬ್ರೇಕರ್ ಬೀಳುವಂತೆ ಮಾಡುವುದು ಅರ್ಥಿಂಗ್. ಬಾಂಡಿಂಗಿನ ಕೆಲಸ ಬೇರೆ. ಹೀಟರಿನ ಮೈ, ಪಂಪು, ಏಣಿ, ಹಿಡಿಕಂಬಿ, ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಇವೆಲ್ಲವನ್ನೂ ಒಂದಕ್ಕೊಂದು ತಾಮ್ರದ ತಂತಿಯಲ್ಲಿ ಸೇರಿಸಿಬಿಡುವುದು. ಆಗ ಎಲ್ಲಾದರೂ ವೋಲ್ಟೇಜ್ ಏರಿದರೂ ಎಲ್ಲವೂ ಒಟ್ಟಿಗೇ ಏರುತ್ತವೆ. ಒಂದು ಕೈಯಲ್ಲಿ ಏಣಿ ಹಿಡಿದು, ಕಾಲು ನೀರಲ್ಲಿ ಇಟ್ಟವರ ಮೈಯಲ್ಲಿ ಕರೆಂಟ್ ಹರಿಯಲು ಬೇಕಾದ ವ್ಯತ್ಯಾಸವೇ ಉಳಿಯುವುದಿಲ್ಲ. ಒಂದನ್ನು ಮಾಡಿದರೆ ಇನ್ನೊಂದು ಬೇಡ ಅಂತಲ್ಲ, ಎರಡೂ ಬೇಕು. ಹಲವು ಕಡೆ ಎರಡಕ್ಕೂ ಹಸಿರು-ಹಳದಿ ಪಟ್ಟೆಯ ತಂತಿಯನ್ನೇ ಬಳಸುವುದರಿಂದ ಕಣ್ಣಿಗೂ ಬೇರೆ ಅನ್ನಿಸುವುದಿಲ್ಲ. ಪದವಾದರೂ ಬೇರೆ ಇರಲೇಬೇಕು, ಅಲ್ವಾ?

‘ಬಂಧನ’ ಅಂದರೆ ಪೊಲೀಸರು ನೆನಪಾಗುತ್ತಾರೆ. ‘ಬೆಸುಗೆ’ ಅಂದರೆ ಯಾರಾದರೂ ವೆಲ್ಡಿಂಗ್ ಯಂತ್ರ ತಂದಾರು. ‘ಸಮವಿಭವ ಬಂಧನ’ (ಎಲ್ಲವನ್ನೂ ಒಂದೇ ವೋಲ್ಟೇಜಿನಲ್ಲಿ ಇಡುವ ಕಟ್ಟು) ಅಂತ ಬರೆದರೆ ಅರ್ಥ ಸರಿಯಾಗಿಯೇ ಇರುತ್ತದೆ, ಆದರೆ ಸ್ಪ್ಯಾನರ್ ಹಿಡಿದು ಕೊಳದ ಪಕ್ಕ ಕೂತವರು ಅದನ್ನು ಓದಿ ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಸದ್ಯಕ್ಕೆ ನನ್ನ ಮನಸ್ಸು ‘ಕೂಡುತಂತಿ’ ಕಡೆಗಿದೆ. ‘ಲೋಹದ ಭಾಗಗಳನ್ನೆಲ್ಲ ಕೂಡುತಂತಿಯಿಂದ ಒಂದಕ್ಕೊಂದು ಸೇರಿಸಿ. ಇದು ಅರ್ಥ್ ತಂತಿಯ ಬದಲಿಗಲ್ಲ, ಅದರ ಜೊತೆಗೆ.’ ಹೀಗೆ ಬರೆದರೆ ನಿಮಗೆ ಹೇಗೆ ಕೇಳಿಸುತ್ತದೆ? ಇಲ್ಲ, ‘ಬಾಂಡಿಂಗ್’ ಅಂತಲೇ ಉಳಿಸಿ ಪಕ್ಕದಲ್ಲಿ ಒಂದು ಸಾಲು ವಿವರಿಸಬೇಕಾ?

‘ಅರ್ಥ್’ ಬಗ್ಗೆಯೂ ಒಂದು ಮಾತು. ಅಚ್ಚಿನಲ್ಲಿ ಕೊನೆಯ ಅರ್ಧಾಕ್ಷರದ ಗುರುತು ಜಾರಿದರೆ ‘ಅರ್ಥ ಸರಿಯಾಗಿದೆಯೇ ನೋಡಿ’ ಅಂತಾಗುತ್ತದೆ. ಅದಕ್ಕೆ ಎಲ್ಲ ಕಡೆ ‘ಅರ್ಥಿಂಗ್’ ಅಥವಾ ‘ಅರ್ಥ್ ತಂತಿ’ ಅಂತಲೇ ಹಾಕಿದ್ದೇನೆ.

ಇನ್ನೊಂದು ತೊಡಕು ‘ಸೋರಿಕೆ’. ಕರೆಂಟ್ ದಾರಿ ತಪ್ಪಿ ಹರಿದರೆ ಸರಬರಾಜು ಕಡಿಯುವ ಆರ್‌ಸಿಸಿಬಿ ಅನ್ನುವ ಸ್ವಿಚ್ಚಿಗೆ ‘ಸೋರಿಕೆ ತಡೆ ಸ್ವಿಚ್ಚು’ ಅಂತ ಬರೆದಿದ್ದೆ. ಬೇರೆಲ್ಲಾದರೂ ನಡೆಯುತ್ತಿತ್ತೇನೋ. ಈಜುಕೊಳದ ಪಕ್ಕದಲ್ಲಿ ಸೋರಿಕೆ ಅಂದರೆ ನೀರಲ್ಲದೆ ಇನ್ನೇನು? ಅದೂ ಅಲ್ಲದೆ ಈ ಸ್ವಿಚ್ಚು ಸೋರುವುದನ್ನು ತಡೆಯುವುದೂ ಇಲ್ಲ. ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಸಮ ಇದೆಯಾ ಅಂತ ನೋಡುತ್ತಿರುತ್ತದೆ. ಜನರನ್ನು ಉಳಿಸಲು ಹಾಕುವ ಸ್ವಿಚ್ಚಾದರೆ, ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಸರಬರಾಜನ್ನೇ ಕಡಿದುಹಾಕುತ್ತದೆ. ಮಾಮೂಲಿ ಎಂಸಿಬಿಗೆ, ಅಂದರೆ ಕರೆಂಟ್ ಮಿತಿ ಮೀರಿದರೆ ಬೀಳುವ ಬ್ರೇಕರಿಗೆ, ಅಷ್ಟು ಸಣ್ಣ ಕರೆಂಟ್ ಲೆಕ್ಕಕ್ಕೇ ಇಲ್ಲ. 16 ಆಂಪಿಯರ್ ಎಂಸಿಬಿ ಅಂದರೆ 16,000 ಮಿಲಿಆಂಪಿಯರ್. ಅದು ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. ‘ಟ್ರಿಪ್ಪರ್’ ಅಂದರೆ ಇವೆರಡರಲ್ಲಿ ಯಾವುದು ಅಂತ ತಿಳಿಯುವುದಿಲ್ಲ. ‘ಶಾಕ್ ಕಾಪು ಸ್ವಿಚ್ಚು’ ಅನ್ನಬಹುದಾ?

ಎಕ್ಸ್‌ಟೆನ್ಷನ್ ಬಾಕ್ಸಿಗೆ ಕನ್ನಡ ಹುಡುಕುವ ಗೋಜಿಗೆ ಹೋಗಲಿಲ್ಲ. 9 ಕಿಲೋವ್ಯಾಟಿನ ಹೀಟರು 230 ವೋಲ್ಟಿನಲ್ಲಿ ಸುಮಾರು 39 ಆಂಪಿಯರ್ ಎಳೆಯುತ್ತದೆ. ಅದನ್ನು ಬಾಕ್ಸಿಗೆ ಸಿಕ್ಕಿಸಬೇಡಿ ಅನ್ನುವುದು ಓದಿದ ತಕ್ಷಣ ತಿಳಿಯಬೇಕು, ಅಷ್ಟೇ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಏಣಿಯನ್ನೋ ಕಂಬಿಯನ್ನೋ ಮುಟ್ಟಿದಾಗ ಕೈಗೆ ಸಣ್ಣಗೆ ತಿಳಿಯುತ್ತದಲ್ಲ, ಅದಕ್ಕೆ ಏನನ್ನೋಣ? ಹಳೆಯ ಅನುವಾದವೊಂದರಲ್ಲಿ ‘ಕಚಗುಳಿ’ ಅಂತಿತ್ತು. ಮಕ್ಕಳು ನಕ್ಕು ಮತ್ತೆ ಮುಟ್ಟುತ್ತಾರೆ! ‘ಜೋಮು’ ಅಂದರೆ ಜಾಸ್ತಿ ಹೊತ್ತು ಕಾಲು ಮಡಚಿ ಕೂತಾಗ ಹಿಡಿಯುವುದು, ಅದಕ್ಕೆ ಯಾರೂ ಹೆದರುವುದಿಲ್ಲ. ‘ಶಾಕ್ ಹೊಡೆದರೆ’ ಅಂತ ಬರೆದರೆ ಜನ ಜೋರಾಗಿ ಹೊಡೆಯುವವರೆಗೂ ಕಾಯುತ್ತಾರೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ನೀರಲ್ಲಿ ಅಥವಾ ಲೋಹ ಮುಟ್ಟಿದಾಗ ಸ್ವಲ್ಪ ಜುಮ್ ಅಂದರೂ ಏಣಿ, ಕಂಬಿ ಹಿಡಿಯದೆ ಕೂಡಲೇ ಮೇಲೆ ಬನ್ನಿ. ಬೇರೆ ಯಾರೂ ನೀರಿಗೆ ಇಳಿಯಬೇಡಿ. ಮೊದಲು ಕರೆಂಟ್ ತೆಗೆಸಿ.’

‘ಜುಮ್’ ನಿಮ್ಮ ಕಡೆ ಇದೇ ಅರ್ಥದಲ್ಲಿ ನಡೆಯುತ್ತದಾ? ಚಳಿಗೆ, ಖುಷಿಗೆ ಕೂಡ ಮೈ ಜುಮ್ ಅನ್ನುತ್ತದೆ, ಅದೇ ಅನುಮಾನ. ಕರೆಂಟಿಗಷ್ಟೇ ಹೇಳುವ ಮಾತು ಯಾರ ಬಾಯಲ್ಲಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ.