ಪದಚರ್ಚೆ: ಎಂಎಚ್‌ಸಿ ಜೀನ್, ಮೇಟ್ ಚಾಯ್ಸ್ – ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ,
ವಿಜ್ಞಾನ ಪ್ರದರ್ಶನವೊಂದರ ಬೋರ್ಡ್ ನಾಳೆ ಅಚ್ಚಿಗೆ ಹೋಗಬೇಕು. ವಿಷಯ ಸ್ಟಿಕಲ್‌ಬ್ಯಾಕ್, ಬೆನ್ನ ಮೇಲೆ ಮುಳ್ಳಿರುವ ಪುಟ್ಟ ಮೀನು. ಗಂಡಿನಲ್ಲಿ ರೋಗ ತಡೆಗೆ ನೆರವಾಗುವ ಎಂಎಚ್‌ಸಿ ಜೀನ್‌ಗಳು ಎಂಥವು ಅನ್ನುವುದನ್ನು ಹೆಣ್ಣು ವಾಸನೆಯಿಂದಲೇ ಅಳೆಯುತ್ತದೆ. ಪದಕ್ಕೆ ಪದ ಇಟ್ಟರೆ 'ಪ್ರಧಾನ ಅಂಗಾಂಶ ಹೊಂದಾಣಿಕೆ ಸಂಕೀರ್ಣ' ಆಗುತ್ತೆ. ಅರ್ಧ ಬೋರ್ಡ್ ಅದಕ್ಕೇ ಬೇಕು. ಮೇಟ್ ಚಾಯ್ಸ್‌ಗೆ 'ಜೋಡಿ ಆಯ್ಕೆ' ಸಾಕಾ?

—
> ಜೋಡಿ ಆಯ್ಕೆ

ಬೇಡ. 'ಜೋಡಿ' ಮರಾಠಿ-ಹಿಂದಿ ಕಡೆಯದು. ನಮ್ಮದೇ 'ಎಣೆ' ಇದೆ. ಹಳಗನ್ನಡದಲ್ಲಿ ಚಕ್ರವಾಕ ಅಂದರೆ 'ಎಣೆವಕ್ಕಿ'. ತಮಿಳಿನ 'ಇಣೈ' ಇದರ ಒಡಹುಟ್ಟು. 'ಎಣೆಯಾಯ್ಕೆ' ಅನ್ನಿ, ಜೀನ್‌ಗೆ 'ಪೀಳಿ' ಅನ್ನಿ. ಮುಗಿಯಿತು.

—
ಮುಗಿಯಲಿಲ್ಲ. 'ಎಣೆಯಿಲ್ಲದ' ಬಿಟ್ಟರೆ ಎಣೆ ಯಾರ ಬಾಯಲ್ಲೂ ಇಲ್ಲ. ಪೀಳಿ ಅಂದರೆ ನವಿಲಿನ ಪೀಲಿಯಾ ಅಂತ ಮಕ್ಕಳು ಕೇಳುತ್ತಾರೆ.

ನಿಜವಾದ ತೊಡಕು 'ಹೊಂದಾಣಿಕೆ'ಯಲ್ಲಿದೆ. ಆ ಹೆಸರು ಬಂದದ್ದು ಕಸಿಯಿಂದ. ಒಂದು ಇಲಿಯ ಅಂಗಾಂಶವನ್ನು ಇನ್ನೊಂದರ ಮೈ ಯಾಕೆ ಒಪ್ಪುವುದಿಲ್ಲ ಎಂದು ಹುಡುಕುತ್ತಾ ಈ ಜೀನ್‌ಗಳು ಸಿಕ್ಕವು. ಅಮೆರಿಕದ ವಿಜ್ಞಾನಿ ಜಾರ್ಜ್ ಸ್ನೆಲ್‌ಗೆ 1980ರಲ್ಲಿ ನೊಬೆಲ್ ಬಂದದ್ದೂ ಇದಕ್ಕೇ. ಕೆರೆಯ ಮೀನಿಗೆ ಯಾರು ಕಸಿ ಮಾಡುತ್ತಾರೆ? ಇವುಗಳ ದಿನದ ಕೆಲಸ ಬೇರೆ: ರೋಗಾಣುವಿನ ಚೂರನ್ನು ಜೀವಕೋಶದ ಮೇಲೆ ಎತ್ತಿ ತೋರಿಸುವ ಪ್ರೋಟೀನ್ ಮಾಡಿಸುವುದು. ಇನ್ನೊಂದು, ಇಲಿಗಳಂಥ ಕೆಲವು ಪ್ರಾಣಿಗಳು ತಮಗಿಂತ ಬೇರೆ ಎಂಎಚ್‌ಸಿ ಇರುವ ಸಂಗಾತಿಯನ್ನೇ ಇಷ್ಟಪಡುತ್ತವೆ. 'ಹೊಂದಾಣಿಕೆ' ಅಂತ ಬರೆದರೆ ಓದುವವರಿಗೆ ಪೂರಾ ಉಲ್ಟಾ ಅರ್ಥ ಹೋಗುತ್ತೆ.

—
ಅಂದರೆ ನಾವು ಗೋತ್ರ ನೋಡುವ ಹಾಗೇ ಅಲ್ವಾ? 'ಮೀನಿನ ಸ್ವಯಂವರ' ಅಂತ ತಲೆಬರಹ ಕೊಡಿ ಮೇಡಂ, ಜನ ನಿಂತು ಓದುತ್ತಾರೆ.

—
ಗೋತ್ರ ತಂದೆ ಕಡೆಯದು ಮಾತ್ರ. ಎಂಎಚ್‌ಸಿ ತಂದೆ-ತಾಯಿ ಇಬ್ಬರಿಂದಲೂ ಬರುತ್ತೆ. ಸುಮ್ನೆ ಗೊಂದಲ ಬೇಡ.

ಸ್ಟಿಕಲ್‌ಬ್ಯಾಕ್‌ನಲ್ಲಂತೂ 'ಎಷ್ಟು ಬೇರೆಯಾದರೆ ಅಷ್ಟು ಒಳ್ಳೆಯದು' ಅಂತಲೂ ಇಲ್ಲ. ಜರ್ಮನಿಯ ಪ್ಲೋನ್ ಊರಿನ ಸಂಶೋಧಕರು ನೋಡಿದಂತೆ, ತನ್ನವೂ ಗಂಡಿನವೂ ಸೇರಿ ಮರಿಗೆ ಹದವಾದಷ್ಟು ಬಗೆಯ ಎಂಎಚ್‌ಸಿ ಸಿಗಬೇಕು. ಬಗೆ ಜಾಸ್ತಿಯಾದರೆ ಸ್ವಂತ ಮೈಗೇ ತಿರುಗಿಬೀಳುವ ಕಾವಲು ಕೋಶಗಳೂ (ರೋಗದ ವಿರುದ್ಧ ಹೋರಾಡುವ ಕೋಶಗಳು) ಜಾಸ್ತಿ. ದೇಹ ಅವನ್ನೆಲ್ಲ ತೆಗೆದುಹಾಕುತ್ತಾ ಹೋದರೆ ಕಾವಲೇ ಸೊರಗುತ್ತೆ ಅನ್ನುವುದು ಅವರ ವಿವರಣೆ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪಗಳ ಸೋಯ್ ತಳಿಯ ಕುರಿಗಳಲ್ಲಿ ಹುಡುಕಿದವರಿಗೆ 1997ರಲ್ಲಿ ಇಂಥ ಆಯ್ಕೆಯ ಸುಳಿವೇ ಸಿಗಲಿಲ್ಲ. 'ಎಲ್ಲ ಪ್ರಾಣಿಗಳೂ' ಅಂತ ಮಾತ್ರ ಬರೆಯಬೇಡಿ.

—
ಎಲ್ಲರಿಗೂ ಥ್ಯಾಂಕ್ಸ್. 'ರೋಗಾಣು ತೋರಿಸುವ ಜೀನ್‌ಗಳು', ಕೆಳಗೆ ಸಣ್ಣಕ್ಷರದಲ್ಲಿ ಎಂಎಚ್‌ಸಿ. 'ಸಂಗಾತಿಯ ಆಯ್ಕೆ'. ಇಷ್ಟು ಕಳಿಸಿದ್ದೇನೆ.

—
ಜೀನ್, ಬೋರ್ಡ್, ಥ್ಯಾಂಕ್ಸ್ ಎಲ್ಲ ನಡೆಯುತ್ತೆ, ಎಣೆ ಮಾತ್ರ ನಡೆಯಲ್ಲ! ತಮಿಳರು ಜೀನ್‌ಗೆ 'ಮರಬಣು' ಅಂತ ಧೈರ್ಯವಾಗಿ ಬರೆಯುತ್ತಾರೆ.

—
ಮರಬಣುವಿನ 'ಅಣು' ಸಂಸ್ಕೃತದ್ದು, ಸಾರ್.