ವೈಫೈ ಡ್ರೈವರ್ ನಾವೇ ಕಂಪೈಲ್ ಮಾಡಬೇಕಾ? ಅನುಭವ ಇದ್ದವರು ಹೇಳಿ

ಬೇಲೂರು: ಅಂಗಡಿಯ ಹಳೆ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 20.04 (ಲಿನಕ್ಸ್) ಇದೆ. ರಿಯಲ್‌ಟೆಕ್ 8821ಸಿಯು ಚಿಪ್‌ನ ವೈಫೈ ಡಾಂಗಲ್ ತಂದೆ, ನಡೆಯುತ್ತಿಲ್ಲ. ಅದನ್ನು ನಡೆಸುವ ಡ್ರೈವರ್‌ನ ಸೋರ್ಸ್ (ಬರೆದ ಕೋಡ್) ಇಳಿಸಿ ಕಂಪೈಲ್ ಮಾಡಿ, ಅಂದರೆ ಕಂಪ್ಯೂಟರ್ ಓಡಿಸುವ ರೂಪಕ್ಕೆ ನೀವೇ ಕಟ್ಟಿಕೊಳ್ಳಿ ಅಂತಾರೆ. ಬಿಲ್ ಬರೆಯುವವಳು ನಾನು, ನನಗ್ಯಾಕೆ ಇದು?

ಮೂಡಿಗೆರೆ: ಮಾಡಿ ಮೇಡಂ, ಕಲಿತರೆ ಏನು ಹೋಗುತ್ತೆ? ನಮ್ಮ ತೋಟದ ಮನೆಯಲ್ಲೂ ಇದೇ ಚಿಪ್. ನೆಟ್ ಬರೋಕೆ ಡ್ರೈವರ್ ಬೇಕು, ಡ್ರೈವರ್ ಕಟ್ಟೋಕೆ ಕರ್ನಲ್ (ಲಿನಕ್ಸ್‌ನ ತಿರುಳು) ಹೆಡರ್ಸ್ ಅನ್ನೋ ಫೈಲುಗಳು ಬೇಕು, ಅದನ್ನು ಇಳಿಸೋಕೆ ಮತ್ತೆ ನೆಟ್ಟೇ ಬೇಕು! ಫೋನಿಗೆ ಕೇಬಲ್ ಸಿಕ್ಕಿಸಿ, ಸಿಗ್ನಲ್ ಸಿಗುವ ಅಟ್ಟದ ಮೇಲೆ ಕೂತು ಇಳಿಸಿದೆ. ಡಾಟಾ ಮುಗಿದು ರೀಚಾರ್ಜ್ ಬೇರೆ. ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿತ್ತು, ಮೇಕ್ (ಕಟ್ಟುವ ಕಮಾಂಡ್) ಅರ್ಧ ಆಗಿದ್ದಾಗ ಮಳೆಗೆ ಕರೆಂಟ್ ಹೋಯಿತು. ಮೊದಲಿಂದ ಶುರು. ಆದರೂ ಇವತ್ತು ಯಾರ ಹಂಗೂ ಇಲ್ಲ.

ಹಾಸನ, ರಿಪೇರಿ ಅಂಗಡಿ: ಹಂಗಿಲ್ಲವಾ? ಕರ್ನಲ್ ಅಪ್‌ಡೇಟ್ ಆದ ದಿನ ಹೇಳಿ. ಗಿರಾಕಿಯೊಬ್ಬರಿಗೆ ಹೀಗೇ ಕಟ್ಟಿಕೊಟ್ಟೆ, 300 ರೂಪಾಯಿ ತಗೊಂಡೆ. ಸಹಿ ಇಲ್ಲದ್ದನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇತ್ತು, ಕಟ್ಟಿದ ಡ್ರೈವರ್ ಮಾಡ್ಯೂಲ್ ಒಳಗೇ ಹೋಗಲ್ಲ, 'ರಿಕ್ವೈರ್ಡ್ ಕೀ ನಾಟ್ ಅವೈಲಬಲ್' ಅಂತ ಮುಖಕ್ಕೆ ಹೊಡೆಯಿತು. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಅಪ್‌ಡೇಟ್ ಬಂತು, ವೈಫೈ ಮಾಯ. ಕರ್ನಲ್ ಬದಲಾದಾಗೆಲ್ಲ ಡ್ರೈವರ್ ತಾನೇ ಮತ್ತೆ ಕಟ್ಟುವ ಡಿಕೆಎಂಎಸ್ ಹಾಕಿ ಸರಿ ಮಾಡಿದೆ, ಅಷ್ಟರಲ್ಲಿ ಆ 300 ವಾಪಸ್ ಕೊಟ್ಟಾಗಿತ್ತು. ಡ್ರೈವರ್ ಕರ್ನಲ್ ಒಳಗೇ ಇರಬೇಕು, ಅಷ್ಟೇ. ಈ ಚಿಪ್‌ನದು 2023ರಲ್ಲಿ ಬಂದ ಕರ್ನಲ್ 6.2ಕ್ಕೆ ಸೇರಿದೆ. ಮೇಡಂ, 24.04 ಹಾಕಿಸಿ, ಅದರಲ್ಲಿ 6.8 ಇದೆ.
ಮತ್ತೆ ಮೂಡಿಗೆರೆಯವರೇ, ಮೇಕ್ ನಿಂತಲ್ಲಿಂದಲೇ ಮುಂದುವರಿಯುತ್ತೆ. ಮೊದಲಿಂದ ಯಾಕೆ?

ಮೂಡಿಗೆರೆ: ಅರ್ಧ ಬರೆದ ಫೈಲ್ ಕೆಟ್ಟಿದ್ದರೆ? ಹಿಂದೆ ಕಟ್ಟಿದ್ದನ್ನು ಅಳಿಸುವ ಮೇಕ್ ಕ್ಲೀನ್ ಹೊಡೆಯದೆ ಕಟ್ಟಿದವರ ದುಡ್ಡೇ ವಾಪಸ್ ಹೋಗೋದು.

ಚಿಕ್ಕಮಗಳೂರು: ಒಂದು ಡ್ರೈವರ್‌ಗೇ ಇಷ್ಟು ಗೋಳಾ? ನಾನು ಜೆಂಟೂ ಲಿನಕ್ಸ್ ಇಟ್ಟಿದ್ದವನು, ಎಲ್ಲಾ ಕಂಪೈಲೇ. 4 ಜಿಬಿ ರ‍್ಯಾಮ್‌ನಲ್ಲಿ ಫೈರ್‌ಫಾಕ್ಸ್ ಕಟ್ಟೋಕೆ ಹೋದರೆ ಕೊನೆಗೆ ತುಂಡುಗಳನ್ನು ಜೋಡಿಸಿ ಲಿಂಕ್ ಮಾಡುವಾಗ ಸಿಸ್ಟಂ ಸ್ತಬ್ಧ, ಮೌಸ್ ಕೂಡ ಅಲ್ಲಾಡಲ್ಲ. ರ‍್ಯಾಮ್‌ಗೆ 1,800 ಸುರಿದೆ. ಆಮೇಲೆ 2023ರ ಡಿಸೆಂಬರ್‌ನಲ್ಲಿ ಜೆಂಟೂದವರೇ ಮೊದಲೇ ಕಟ್ಟಿದ ರೆಡಿ ಪ್ಯಾಕೇಜ್ ಕೊಡೋಕೆ ಶುರು ಮಾಡಿದರು. ಹೊಟ್ಟೆ ಉರಿಯಲ್ವಾ?

ಸಕಲೇಶಪುರ: ಸೋರ್ಸ್ ಇದ್ದರೆ ಒಳಗೇನಿದೆ ಅಂತ ಗೊತ್ತಾಗುತ್ತೆ. ರೆಡಿ ಪ್ಯಾಕೇಜ್ ಕಣ್ಣು ಮುಚ್ಚಿ ನಂಬೋದಾ?

ಹಾಸನ, ರಿಪೇರಿ ಅಂಗಡಿ: ನೀವು ಒಂದು ಸಾಲಾದರೂ ಓದಿದ್ದೀರಾ ಸರ್? ಮೇಕ್ ಅಂತ ಒತ್ತಿ ಕಾಫಿ ಕುಡಿಯೋಕೆ ಹೋಗೋದು ಎಲ್ಲರೂ.

ಮೂಡಿಗೆರೆ: ನಾನು ಓದಿದ್ದೇನೆ. ಕಟ್ಟುವ ಕ್ರಮ ಬರೆದಿರುವ ಮೇಕ್‌ಫೈಲ್.

ಚಿಕ್ಕಮಗಳೂರು: ಮೊದಲು ಒಂದು ಯುಪಿಎಸ್ ತಗೊಳ್ಳಿ ಮಾರಾಯ್ರೆ.

ಮೂಡಿಗೆರೆ: ಪೇಟೆಯವರಿಗೇನು ಗೊತ್ತು. ಮರ ಬಿದ್ದು ತಂತಿ ಹರಿದರೆ ಯುಪಿಎಸ್ ಎಷ್ಟು ಹೊತ್ತು ಬರುತ್ತೆ?